ಬಳೆಗಾರ್ತಿ ಕಸ್ತೂರಿಬಾಯಿ ಉಸಿರು ಕಲಿತದ್ದು

ಆಳಂದದ ಬಳೆಗಾರ ಓಣಿಯ ಕಸ್ತೂರಿಬಾಯಿ ನನ್ನ ತಾಯಿಯ ಸೋದರತ್ತೆ. ತಮ್ಮ ಒಳ್ಳೆಯತನದ ಕತೆ ಹೇಳಿಕೊಳ್ಳುವವರನ್ನು ಬಹಳ ಮಂದಿ ನೋಡಿದ್ದೇನೆ. ತನ್ನ ಹೊಟ್ಟೆಕಿಚ್ಚಿನ ಕತೆಯನ್ನು ಒಂದು ಎಳೆಯೂ ಬಿಡದೆ ತಾನೇ ಹೇಳಿದವಳು ಆಕೆಯೊಬ್ಬಳೇ. "ಮಾಡಿದಾಕಿ ನಾನು. ಹೇಳಾಕ ಮಂದಿ ಯಾಕ ಬೇಕು?" ಅನ್ನುತ್ತಿದ್ದಳು. ಆಕೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಅದು ನಿಜಾಮರ ಕಾಲ, ಸಾವಿರದ ಒಂಬೈನೂರ ಮೂವತ್ತಾರು ಮೂವತ್ತೇಳರ ಮಾತು. ಕಸ್ತೂರಿಬಾಯಿಗೆ ಆಗ ನಲವತ್ತರ ಹತ್ತಿರ. ಇಬ್ಬರು ಹೆಣ್ಣುಮಕ್ಕಳನ್ನು ಒಳ್ಳೆಯ ಮನೆಗೆ ಕೊಟ್ಟಾಗಿತ್ತು. ಗಂಡ ಹುಲೆಪ್ಪ ಸೊಲ್ಲಾಪುರದಿಂದ ಬಳೆ ತರುತ್ತಿದ್ದ. ಖಜೂರಿಯ ಕರೋಡಗಿರಿ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಸಿಪಾಯಿಗಳು ಗಂಟು ಬಿಚ್ಚಿಸಿ ನೋಡಿ, ಮತ್ತೆ ಕಟ್ಟಿಕೊಳ್ಳಲು ಬಿಡುತ್ತಿದ್ದರು. ಊರಿಗೆ ಬಂದ ಬಳೆಯನ್ನು ದಾರಕ್ಕೆ ಪೋಣಿಸಿ, ಮಲಾರ ಕಟ್ಟಿ, ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುವುದು ಕಸ್ತೂರಿಬಾಯಿಯ ಕೆಲಸ. ಆಳಂದದ ಅರ್ಧ ಊರು, ಆ ಕಡೆ ಹಿರೋಳ್ಳಿ, ಸುತ್ತಲಿನ ಹತ್ತು ಹಳ್ಳಿ ಆಕೆಯವು.

ಗಾಜಿನ ಬಳೆ ತೊಡಿಸುವುದು ನೋಡಿದವರಿಗೆ ಸುಲಭ. ಸಡಿಲ ಬಳೆಯನ್ನು ಯಾರು ಬೇಕಾದರೂ ಏರಿಸಬಹುದು. ನಮ್ಮ ಕಡೆ ಸಡಿಲ ಬಳೆ ಹಾಕಿಕೊಂಡವಳನ್ನು "ಯಾರ ಬಳಿ ಕಡಾ ತಂದೀಯೇ?" ಎಂದು ನಗುತ್ತಾರೆ. ಕೈಯ ಅಳತೆಗಿಂತ ಒಂದು ನೂಲು ಸಣ್ಣದನ್ನು ಏರಿಸಬೇಕು. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ, ಎಲುಬು ಎಲ್ಲಿ ಬಾಗುತ್ತದೆ ಎಲ್ಲಿ ಬಾಗುವುದಿಲ್ಲ ಎಂದು ಬೆರಳಲ್ಲೇ ತಿಳಿದು, ಒಮ್ಮೆಗೇ ಜಾರಿಸಬೇಕು. ಕಸ್ತೂರಿಬಾಯಿ ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಎರಡು ಕೈ ತುಂಬ ಬಳೆ ತೊಡಿಸುತ್ತಿದ್ದಳಂತೆ. ಬಳೆ ಒಡೆಯುವುದು ಅಪಶಕುನ. ಒಡೆದರೂ "ಒಡೀತು" ಅನ್ನಬಾರದು, "ಹೆಚ್ಚಿತು" ಅನ್ನಬೇಕು. ಕಸ್ತೂರಿಬಾಯಿಯ ಕೈಯಲ್ಲಿ ವರ್ಷಕ್ಕೆ ನಾಲ್ಕು ಬಳೆ ಹೆಚ್ಚಿದರೆ ಅದೇ ಜಾಸ್ತಿ.

ಆ ಕಾಲಕ್ಕೆ ಖುರ್ಷಿದ ಬಂದಳು.

ಆಳಂದದಲ್ಲಿ ಲಾಡ್ಲೆಸಾಬ ಎಂಬ ಮನಿಯಾರನಿದ್ದ. ಅವನೂ ಬಳೆಯವನೇ. ಮಸೀದಿ ಹತ್ತಿರ ಒಂದು ಮೊಳದ ಅಂಗಡಿ. ಗಂಡಸಿನ ಕೈಗೆ ಕೈ ಕೊಡಲು ಹೆಂಗಸರು ನಾಚುತ್ತಿದ್ದರಿಂದ ವ್ಯಾಪಾರ ಅಷ್ಟಕ್ಕಷ್ಟೇ. ಅವನ ಮಗನಿಗೆ ಗುಲಬರ್ಗಾದಿಂದ ತಂದ ಸೊಸೆ ಖುರ್ಷಿದ. ಇಪ್ಪತ್ತೆರಡು ವರ್ಷದ ಕೋಲುಮುಖದ ಹುಡುಗಿ, ಮಾತು ಕಡಿಮೆ. ಮೊದಲ ಕೂಸು ಹುಟ್ಟಿದ ಒಂಬತ್ತನೇ ದಿನಕ್ಕೆ ತೀರಿಹೋದ ಮೇಲೆ ಮನೆಯಲ್ಲಿ ಕೂತು ಅಳುವುದು ಬೇಡ ಎಂದು ಮಾವನೇ ಅವಳ ಹೆಗಲಿಗೆ ಮಲಾರ ಹಾಕಿದ.

ಕಸ್ತೂರಿಬಾಯಿ ಮೊದಮೊದಲು ನಕ್ಕಳು. ಆರು ತಿಂಗಳಿಗೆ ನಗು ನಿಂತಿತು. ಕುಲಕರ್ಣಿಯವರ ಮನೆಗೆ ಹೋದರೆ ಅಲ್ಲಿಯ ಸರಸ್ವತಿಬಾಯಿ ಕೈ ಎತ್ತಿ ತೋರಿಸಿದಳು. "ಆ ಮನಿಯಾರ ಹುಡುಗಿ ತೊಡಿಸಿ ಹೋದಳು. ಬಳಿ ಏರಿದ್ದೇ ಗೊತ್ತಾಗಲಿಲ್ಲ ನೋಡು ಕಸ್ತೂರಿ!"

"ಛಲೋ ಆತ್ರಿ" ಎಂದು ಕಸ್ತೂರಿಬಾಯಿ ನಕ್ಕು ಹೊರಗೆ ಬಂದಳು. ಅಂಗಳ ದಾಟುವುದರೊಳಗೆ ಹೊಟ್ಟೆಯ ಒಳಗಿನಿಂದ ಏನೋ ಬಿಸಿಯಾಗಿ ಮೇಲೆದ್ದು ಗಂಟಲಲ್ಲಿ ಕೂತಿತು. ಅಂದಿನಿಂದ ಅದು ಇಳಿಯಲೇ ಇಲ್ಲ.

ಆಮೇಲೆ ಆಕೆ ಹೆಂಗಸರ ಮುಖ ನೋಡುವುದನ್ನು ಬಿಟ್ಟು ಮುಂಗೈ ನೋಡತೊಡಗಿದಳು. ಬಾವಿಯ ಹತ್ತಿರ, ಸಂತೆಯಲ್ಲಿ, ಗುಡಿಯಲ್ಲಿ, ಮದುವೆಯ ಪಂಗತಿಯಲ್ಲಿ ಮೊದಲು ಕಣ್ಣು ಹೋಗುವುದು ಕೈಗೇ. ಖುರ್ಷಿದ ಹಸಿರು ಬಳೆಗಳ ಕೊನೆಗೆ ಒಂದು ತೆಳ್ಳನೆಯ ಹಳದಿ ಬಳೆ ಹಾಕುತ್ತಿದ್ದಳು. ಆ ಹಳದಿ ಕಂಡರೆ ಕಸ್ತೂರಿಬಾಯಿಯ ಎದೆ ಧಡಧಡ ಬಡಿದುಕೊಳ್ಳುತ್ತಿತ್ತು. ತನ್ನದೇ ಓಣಿಯಲ್ಲಿ, ತನ್ನದೇ ತಂಗಿಯ ಮಗಳ ಕೈಯಲ್ಲಿ ಒಂದು ದಿನ ಹಳದಿ ಕಂಡಾಗ ನೀರಿನ ಕೊಡ ಇಳಿಸಿ ಗೋಡೆ ಹಿಡಿದು ನಿಂತಳಂತೆ.

ಒಂದು ದಿನ ಹುಲೆಪ್ಪ ರೊಟ್ಟಿ ತಿನ್ನುತ್ತ, ಕೆಟ್ಟ ಮನಸ್ಸಿಲ್ಲದೆ, "ಲಾಡ್ಲೆಸಾಬನ ಸೊಸಿ ಕೈ ಭಾಳ ಹಗೂರ ಅಂತ ಸೊಲ್ಲಾಪುರದ ತನಕ ಸುದ್ದಿ ಆಗ್ಯಾದ" ಅಂದ.

"ಹಂಗಾದ್ರ ಆಕಿ ಕೈಲೆ ರೊಟ್ಟಿ ಬಡಿಸಿಕೊಂಡು ತಿನ್ನು!" ಎಂದು ಬಡಿಯುತ್ತಿದ್ದ ಹಿಟ್ಟನ್ನು ಹಾಗೇ ನಾದುವ ಕೊಣಮಿಗೆಗೆ ಎಸೆದು ಎದ್ದು ಹೋದಳು.

ನಿದ್ದೆ ಕೆಟ್ಟಿತು. ಊಟ ಹೊಟ್ಟೆಯಲ್ಲಿ ನಿಲ್ಲದೆ ಹುಳಿಹುಳಿ ತೇಗಾಗಿ ಬರುತ್ತಿತ್ತು. ಅಂಗೈ ಬೆವರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬೆರಳು ನಡುಗತೊಡಗಿದವು. ಹೆಂಗಸೊಬ್ಬಳ ಕೈ ಹಿಡಿದ ಕೂಡಲೇ "ಖುರ್ಷಿದ ಆಗಿದ್ದರೆ ಇದನ್ನು ಹೇಗೆ ಏರಿಸುತ್ತಿದ್ದಳು" ಎಂಬ ಯೋಚನೆ. ಆ ಯೋಚನೆ ಬಂದರೆ ಬೆರಳು ಕಟ್ಟಿಗೆ. ಕಟ್ಟಿಗೆ ಬೆರಳು ಒತ್ತಿದರೆ ಎದುರಿನವಳ ಕೈಯೂ ಬಿಗಿ. ಟಕ್ ಎಂದು ಬಳೆ ಹೆಚ್ಚುತ್ತಿತ್ತು. ವರ್ಷಕ್ಕೆ ನಾಲ್ಕು ಇದ್ದದ್ದು ವಾರಕ್ಕೆ ನಾಲ್ಕಾಯಿತು.

ಹಿರೋಳ್ಳಿಯಲ್ಲಿ ಮರೆಮ್ಮ ಎಂಬಾಕೆಯ ಸೊಸೆ ಚಂದಮ್ಮಗೆ ಏಳು ತಿಂಗಳು. ಕುಬಸ ಇಟ್ಟುಕೊಂಡು, ಬಸುರಿಗೆ ಹಸಿರು ಬಳೆ ತೊಡಿಸಲು ಕಸ್ತೂರಿಬಾಯಿಗೆ ಹೇಳಿಕಳಿಸಿದ್ದರು. ಹೊಸ ಸೀರೆ, ಹೂವಿನ ದಂಡೆ, ಸುತ್ತ ಹಾಡುವ ಹೆಂಗಸರು. ಮೊದಲ ಬಳೆ ಏರಿತು. ಎರಡನೆಯದು ಹೆಚ್ಚಿತು. "ಇರಲಿ ಬಿಡು" ಅಂದರು ಯಾರೋ. ಮೂರನೆಯದೂ ಹೆಚ್ಚಿತು. ಹಾಡು ನಿಂತಿತು. ನಾಲ್ಕನೆಯ ಬಳೆಯ ಚೂರು ಚಂದಮ್ಮನ ಮುಂಗೈಗೆ ನಟ್ಟು ರಕ್ತ ಬಂತು. ಚೊಚ್ಚಲ ಬಸುರಿ ಅಂಜಿ ಅಳತೊಡಗಿದಳು.

ಮರೆಮ್ಮ ಬಂದು ಕಸ್ತೂರಿಬಾಯಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು. "ಸಾಕು ಬೇ. ನಿನ್ನ ಜೀವಕ್ಕ ಆರಾಮಿಲ್ಲ ಕಾಣ್ತದ. ಸರಿ ಅತ್ತ." ಆಮೇಲೆ ಬಾಗಿಲ ಕಡೆ ತಿರುಗಿ, "ಗೌಡರ ಮನಿಗಿ ಆ ಖುರ್ಷಿದ ಬಂದಾಳಂತ, ಕರೀರಿ" ಅಂದಳು.

ಕಸ್ತೂರಿಬಾಯಿ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕಂಬದ ಪಕ್ಕ ನಿಂತು ನೋಡಿದಳು. ಖುರ್ಷಿದ ಬಂದು ಕೂತಳು. ಬಳೆ ಮುಟ್ಟಲಿಲ್ಲ. ಚಂದಮ್ಮನ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡು ಸುಮ್ಮನೆ ಕೂತಳು. ಅವಳ ಹೊಟ್ಟೆ ನಿಧಾನಕ್ಕೆ ಏರಿತು, ಅದಕ್ಕಿಂತ ನಿಧಾನಕ್ಕೆ ಇಳಿಯಿತು. ಹೀಗೆ ಐದಾರು ಸಲ. ಬಿಕ್ಕುತ್ತಿದ್ದ ಚಂದಮ್ಮನ ಉಸಿರೂ ಅದರ ಹಿಂದೆ ಹಿಂದೆ ಬಂದು ನಿಧಾನವಾಯಿತು. "ಬಾಯಿಲೆ ಊದವ್ವಾ, ದೀಪ ಆರಂಗಿಲ್ಲ ಆದ್ರ ಅಲ್ಲಾಡ್ತದ, ಹಂಗ ಊದು" ಎಂದಳು ಖುರ್ಷಿದ. ಹುಡುಗಿ ಊದಿದಳು. ಆ ಊದು ಮುಗಿಯುವುದರೊಳಗೆ ಬಳೆ ಮುಂಗೈಯಲ್ಲಿತ್ತು. ಹನ್ನೊಂದು ಬಳೆ, ಹನ್ನೊಂದು ಊದು. ಕೊನೆಗೆ ಹಳದಿ.

ಹೆಂಗಸರು ಮತ್ತೆ ಹಾಡಿದರು. ಕಸ್ತೂರಿಬಾಯಿ ಮಲಾರ ಎತ್ತಿಕೊಂಡು ಹೊರಟಳು. ಹಿರೋಳ್ಳಿಯಿಂದ ಆಳಂದದ ತನಕ ದಾರಿಯುದ್ದಕ್ಕೂ ಒಂದೇ ಮಾತು ಬಾಯಲ್ಲಿ: ಮಾಟ. ಇದು ಮಾಟ.

ಮಾಟದ ಮೂಲ ಹುಡುಕಲು ಖುರ್ಷಿದಳ ಹಿಂದೆ ಬಿದ್ದಳು. ಮೂರನೇ ದಿನಕ್ಕೇ ಸಿಕ್ಕಿತು. ಬೆಳಕು ಹರಿಯುವ ಹೊತ್ತಿಗೆ ಖುರ್ಷಿದ ತನ್ನ ಮನೆಯ ಹಿತ್ತಲಿಗೆ ಹೋಗಿ, ಮಳೆಗೆ ಕುಸಿದಿದ್ದ ಗೋಡೆಯ ಸಂದಿನಲ್ಲಿ ತೂರಿ ಆಚೆ ಮನೆಯ ಹಿತ್ತಲಿಗೆ ಹೋಗುತ್ತಿದ್ದಳು. ಆಚೆ ಮನೆ ವತ್ಸಲಾಬಾಯಿಯದು.

ಈ ವತ್ಸಲಾಬಾಯಿ ಬ್ರಾಹ್ಮಣರ ವಿಧವೆ. ಕೆಂಪು ಸೀರೆ, ತಲೆ ತುಂಬ ಸೆರಗು, ಬರಿಗೈ. ಮೈದುನ ವ್ಯಂಕಟೇಶರಾಯರ ಮನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಳು. ಬಳೆಗಾರರಿಗೆ ಆ ಮನೆಯ ಹಿಂಬಾಗಿಲಲ್ಲಿ ಏನು ಕೆಲಸ? ಕಸ್ತೂರಿಬಾಯಿ ಸಂದಿನಿಂದ ಇಣುಕಿದಳು. ನುಗ್ಗೆಗಿಡದ ಕೆಳಗೆ ಎರಡು ಚಾಪೆ. ಒಂದರ ಮೇಲೆ ವಿಧವೆ, ಇನ್ನೊಂದರ ಮೇಲೆ ಮನಿಯಾರ ಹುಡುಗಿ. ಇಬ್ಬರೂ ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು, ದುಂಬಿಯ ಹಾಗೆ ಮ್‌ಮ್‌ಮ್ ಎಂದು ಗುನುಗುತ್ತಿದ್ದರು.

"ಸಿಕ್ಕಳು" ಎಂದುಕೊಂಡಳು ಕಸ್ತೂರಿಬಾಯಿ.

ಬಾವಿಯ ಕಟ್ಟೆಯ ಮೇಲೆ ಇಬ್ಬರಿಗೆ ಹೇಳಿದಳು, ಅಷ್ಟೇ. "ರಾಯರ ಮನಿ ಹಿತ್ತಲದಾಗ ದಿನಾ ಮುಂಜಾನೆ ಏನೋ ಮಂತ್ರ ನಡೀತದವಾ. ಮಡಿಬಾಯಿ ಮತ್ತ ಮನಿಯಾರಕಿ ಇಬ್ಬರೂ ಕೂಡಿ." ಸಂಜೆಗೆ ಮಾತು ವ್ಯಂಕಟೇಶರಾಯರ ಕಿವಿ ತಲುಪಿತು. ಮರುದಿನವೇ ಗೌಂಡಿ ಬಂದ. ಕುಸಿದ ಗೋಡೆ ಎದ್ದು ನಿಂತಿತು, ಮೊದಲಿಗಿಂತ ಎರಡು ಮೊಳ ಎತ್ತರ. ವತ್ಸಲಾಬಾಯಿಗೆ ಹಿತ್ತಲಿಗೆ ಹೋಗಬೇಡ ಎಂದರಂತೆ. ಲಾಡ್ಲೆಸಾಬನನ್ನು ದಾರಿಯಲ್ಲಿ ನಿಲ್ಲಿಸಿ ಸೊಸೆಯ ಬಗ್ಗೆ ಬಿರುಸಾಗಿ ಮಾತಾಡಿದರಂತೆ.

ಆ ಸುದ್ದಿ ಕೇಳಿದ ದಿನ ಕಸ್ತೂರಿಬಾಯಿ ಹಬ್ಬದ ಹಾಗೆ ಸಿಹಿ ಹುಗ್ಗಿ ಮಾಡಿದಳು. ತಿನ್ನಲಾಗಲಿಲ್ಲ.

ಮಾಟದ ಮೂಲ ಕಿತ್ತರೂ ಖುರ್ಷಿದಳ ಕೈ ಕೆಡಲಿಲ್ಲ. ಊರ ಹೆಂಗಸರ ಕೈಯಲ್ಲಿ ಹಳದಿ ಹಾಗೇ ಇತ್ತು. ಇಷ್ಟಾದರೂ ಏನೂ ಆಗಲಿಲ್ಲವಲ್ಲ ಎಂಬ ಉರಿ ಕಸ್ತೂರಿಬಾಯಿಗೆ ಮೊದಲಿನದಕ್ಕಿಂತ ಹೆಚ್ಚು ಸುಟ್ಟಿತು. ಅದರ ಜೊತೆಗೆ ಇನ್ನೊಂದೂ ಸೇರಿತು. ಆ ಎತ್ತರದ ಹೊಸ ಗೋಡೆ ಕಂಡರೆ ಆಕೆಯ ಕಾಲು ತಾವೇ ಬೇರೆ ಸಂದಿಗೆ ತಿರುಗುತ್ತಿದ್ದವು. ಒಂದು ಗುರುವಾರ ಸಂತೆಯ ನಡುವೆ ಎದೆ ಹಾರಿ, ಕಣ್ಣಿಗೆ ಕತ್ತಲೆ ಬಂದು, ಮಲಾರದ ಮೇಲೆಯೇ ಬಿದ್ದಳು. ಎಷ್ಟೋ ಬಳೆ ಹೋದವು.

ಹುಲೆಪ್ಪ ಹಕೀಮರ ಹತ್ತಿರ ಕರೆದೊಯ್ದ. ಮುದುಕ ಹಕೀಮರು ನಾಡಿ ಹಿಡಿದು ಬಹಳ ಹೊತ್ತು ಕೂತರು. "ಗುಬ್ಬಿ ಹಾರಿದಂಗ ಹಾರಾಕತ್ತದ ನಬ್ಜ್. ರಕ್ತ ಛಲೋ ಅದ, ಎದಿ ಛಲೋ ಅದ. ನರಗಳು ಹೂಡಿದ ಬಿಲ್ಲಿನ ಹಂಗ ಎಳಕೊಂಡು ನಿಂತಾವ. ಏನರೆ ಚಿಂತಿ ಅದ ಏನವಾ?"

"ಏನಿಲ್ರಿ."

"ಗುಲ್ಕಂದ ಕೊಡ್ತೇನಿ, ತಿನ್ನು. ಖರೇ ಹೇಳಬೇಕಂದ್ರ ಇದಕ್ಕ ದವಾ ನನ್ನ ಹತ್ರ ಇಲ್ಲ. ಇಪ್ಪತ್ತು ವರ್ಷದ ಹಿಂದ ಇದೇ ಬೀಮಾರಿ ರಾಯರ ಮನಿ ವತ್ಸಲಾಬಾಯಿಗಿ ಇತ್ತು. ನನ್ನ ದವಾ ಹತ್ತಲಿಲ್ಲ. ತಮ್ಮಪ್ಪನ ಕಡೆ ಯೋಗ ಕಲತು ತಾವೇ ಆರಾಮ ಆದರು. ಅವರ ಹತ್ರ ಹೋಗು."

ಬೇರೆ ಯಾರ ಹೆಸರು ಹೇಳಿದ್ದರೂ ಅಂದೇ ಹೋಗುತ್ತಿದ್ದೆ ಎಂದು ನನಗೆ ಹೇಳಿದಳು ಕಸ್ತೂರಿಬಾಯಿ. ಹನ್ನೆರಡು ದಿನ ತಡೆದಳು. ಹದಿಮೂರನೇ ದಿನ ಮೆಟ್ಟಿಲು ಹತ್ತುವಾಗ ಎದೆ ಮತ್ತೆ ಹಾರಿತು. ಸತ್ತೇ ಹೋಗುತ್ತೇನೆ ಎಂಬ ಅಂಜಿಕೆ ನಾಚಿಕೆಯನ್ನು ಗೆದ್ದಿತು.

ರಾಯರ ಮನೆಗೆ ಮುಂಬಾಗಿಲಿನಿಂದಲೇ ಹೋದಳು. ಬಳೆಗಾರ್ತಿ ಬಂದರೆ ಮನೆಯ ಸೊಸೆಯಂದಿರಿಗೆ ಎಂದುಕೊಂಡು ರಾಯರು ತಲೆ ಎತ್ತಿಯೂ ನೋಡಲಿಲ್ಲ. ಹಿಂದಿನ ಕೋಣೆಯಲ್ಲಿ ವತ್ಸಲಾಬಾಯಿ ಬತ್ತಿ ಹೊಸೆಯುತ್ತಿದ್ದಳು.

"ನಾ ಬಳಿ ತೊಡೂದಿಲ್ಲ. ನನ್ನ ಹತ್ರ ನಿಂದೇನು ಕೆಲಸ?"

ಕಸ್ತೂರಿಬಾಯಿ ನಡುಗುವ ಕೈಗಳನ್ನು ಮುಂದೆ ಚಾಚಿದಳು. ಎದೆ ಹಾರುವುದು, ನಿದ್ದೆ ಇಲ್ಲದ್ದು, ಸಂತೆಯಲ್ಲಿ ಬಿದ್ದದ್ದು ಎಲ್ಲ ಹೇಳಿದಳು. ಗೋಡೆಯ ಮಾತೊಂದನ್ನು ಬಿಟ್ಟು.

ವತ್ಸಲಾಬಾಯಿ ಬತ್ತಿಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಕೂಡು" ಅಂದಳು.

ವತ್ಸಲಾಬಾಯಿಯ ತವರು ಅಫಜಲಪುರದ ಕಡೆ ಹವಳಗಾ. ತಂದೆ ಭೀಮಾ ನದಿಯ ದಂಡೆಯ ಮೇಲೆ ದಿನಾ ಆಸನ, ಪ್ರಾಣಾಯಾಮ ಮಾಡುತ್ತಿದ್ದವರು. ಗಂಡ ಸತ್ತ ಮೇಲೆ ಮಗಳಿಗೆ ಹಗಲೂ ಗಾಬರಿಯಾಗಿ ಉಸಿರು ಸಿಗದಂತಾದಾಗ, ಆಳಂದಕ್ಕೆ ಬಂದು ಎರಡು ತಿಂಗಳು ಇದ್ದು ಕಲಿಸಿ ಹೋಗಿದ್ದರು. ಅವರು ಹೇಳಿದ ಮಾತನ್ನೇ ಆಕೆ ಈಗ ಕಸ್ತೂರಿಬಾಯಿಗೆ ಹೇಳಿದಳು.

"ನಿನ್ನ ಎದಿಗೆ ನಿಧಾನ ಬಡಿ ಅಂದ್ರ ಕೇಳ್ತದೇನು?"

"ಇಲ್ರಿ."

"ಹೊಟ್ಟಿಗೆ ಉರೀಬ್ಯಾಡ ಅಂದ್ರ? ಅಂಗೈಗೆ ಬೆವರಬ್ಯಾಡ ಅಂದ್ರ?"

"ಯಾಕ ಕೇಳ್ತಾವ್ರಿ!"

"ಇವೆಲ್ಲಾ ನಮ್ಮ ಮಾತು ಕೇಳೂದಿಲ್ಲ. ಉಸಿರು ಒಂದು ಕೇಳ್ತದ. ಉಳಿದವೆಲ್ಲ ಉಸಿರಿನ ಮಾತು ಕೇಳ್ತಾವ. ಹುಲಿ ಬೆನ್ನು ಹತ್ತಿದಾಗ ಉಸಿರು ಎದಿ ಮ್ಯಾಲೆ ಬರ್ತದ. ನಿನ್ನ ಬೆನ್ನು ಯಾವ ಹುಲಿ ಹತ್ತ್ಯದ ನಾ ಕೇಳೂದಿಲ್ಲ. ಉಸಿರು ಹೊಟ್ಟಿಗೆ ಇಳಿಸು. ತಗೊಳ್ಳೂದಕ್ಕಿಂತ ಬಿಡೂದು ಉದ್ದ ಇರಲಿ. ಹುಲಿ ಇಲ್ಲ ಅಂತ ನರಗಳಿಗೆ ತಾವಾಗೇ ತಿಳೀತದ."

ಕೇಳಲು ಸುಲಭ. ಕಣ್ಣು ಮುಚ್ಚಿದರೆ ಕಸ್ತೂರಿಬಾಯಿಗೆ ಕಾಣುವುದು ಹಳದಿ ಬಳೆ. ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ ಎಂದರೆ ಐದಕ್ಕೇ ಉಸಿರು ಮುಗಿದು ಗೊರಗೊರ ಎನ್ನುತ್ತಿತ್ತು. ವತ್ಸಲಾಬಾಯಿ ಬೈಯುತ್ತಿರಲಿಲ್ಲ. "ಐದು ಬಂತಲ್ಲ, ಐದೇ ಬಿಡು" ಅನ್ನುತ್ತಿದ್ದಳು.

ನಾಲ್ಕನೇ ದಿನ ಚಾಪೆಯ ಮೇಲೆ ಅಂಗಾತ ಮಲಗಲು ಹೇಳಿದಳು. "ಕೈಕಾಲು ಬಿಡು. ಇದು ಶವಾಸನ."

ಹೆಸರು ಕೇಳಿ ಕಸ್ತೂರಿಬಾಯಿ ತಟ್ಟನೆ ಎದ್ದು ಕೂತಳು. "ಮುತ್ತೈದಿ ಅದೀನ್ರಿ ನಾನು! ನಿಮ್ಮ ಮನ್ಯಾಗ ಹೆಣದ ಹಂಗ ಮಲಗಲೇನು?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ವತ್ಸಲಾಬಾಯಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ತಾನೇ ಪಕ್ಕದ ನೆಲದ ಮೇಲೆ ಮಲಗಿ, "ಹೆಸರು ಬಿಡು. ಹೊಲದಿಂದ ಬಂದು ಮಲಗಿದೀ ಅಂತ ತಿಳಿ. ಮೊದಲು ಕಾಲಿನ ಬೆರಳು ಬಿಡು" ಅಂದಳು. ಕಾಲು, ಮೊಣಕಾಲು, ಸೊಂಟ, ಹೊಟ್ಟೆ. ಒಂದೊಂದನ್ನೇ ಹೆಸರಿಸಿ ಬಿಡಿಸಿದಳು. ಕೈಬೆರಳ ತನಕ ಬರುವಷ್ಟರಲ್ಲಿ ಕಸ್ತೂರಿಬಾಯಿಗೆ ನಿದ್ದೆ ಹತ್ತಿತ್ತು. ಮಟಮಟ ಮಧ್ಯಾಹ್ನ, ಪರರ ಮನೆಯಲ್ಲಿ, ಎಷ್ಟೋ ತಿಂಗಳ ಮೇಲೆ ಮೊದಲ ನಿದ್ದೆ.

ಮಲಾರ ಹೆಗಲಿಗೆ ಹಾಕಿಕೊಂಡೇ ಒಂದೂವರೆ ತಿಂಗಳು ಹೋದಳು. ಹುಳಿತೇಗು ನಿಂತಿತು. ಎದೆ ಹಾರುವುದು ದಿನಕ್ಕೆ ನಾಲ್ಕು ಸಲ ಇದ್ದದ್ದು ವಾರಕ್ಕೊಮ್ಮೆಗೆ ಬಂತು. ಬೆರಳ ನಡುಕ ಪೂರಾ ಹೋಗಲಿಲ್ಲ, ಆದರೆ ಕೈ ಹಿಡಿದು ಎರಡು ಉದ್ದ ಉಸಿರು ಬಿಟ್ಟರೆ ಬಳೆ ಏರಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದವು. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇತ್ತು. ಹಳದಿ ಕಂಡರೆ ಉರಿಯುತ್ತಿತ್ತು. ಉರಿಯುತ್ತಿದೆ ಎಂದು ಈಗ ಗೊತ್ತಾಗುತ್ತಿತ್ತು, ಅಷ್ಟೇ ಫರಕು.

ಒಂದು ದಿನ ಮಲಗಿ ಮೈ ಬಿಟ್ಟಾಗ ಕಾರಣವಿಲ್ಲದೆ ಅಳು ಬಂತು. ಅಳುತ್ತಲೇ ಹೇಳಿಬಿಟ್ಟಳು. "ಬಾಯಾರ, ಆ ಗ್ವಾಡಿ ಕಟ್ಟಿಸಿದಾಕಿ ನಾನೇ ಅದೀನ್ರಿ."

"ಗೊತ್ತದ."

"ಯಾವಾಗಿಂದ?"

"ನೀ ಬಂದ ದಿನಾನೇ. ಬಾವಿ ಕಟ್ಟಿ ಮಾತು ಯಾರದು ಅಂತ ಬಾವಿಗೆ ಗೊತ್ತಿರ್ತದ."

"ಮತ್ತ ಯಾಕ ಕಲಿಸಿದ್ರಿ?"

ವತ್ಸಲಾಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ನಿನ್ನ ಹೆಸರು ನೆನಪಾದ್ರ ನನ್ನ ಉಸಿರೇ ಎದಿಗೆ ಬರ್ತಿತ್ತು. ಇಪ್ಪತ್ತು ವರ್ಷದಾಗ ನನ್ನ ಹತ್ರ ಕೂಡ್ಲಿಕ್ಕೆ ಬಂದಾಕಿ ಆ ಖುರ್ಷಿದ ಒಬ್ಬಾಕಿ. ಕೂಸು ಸತ್ತ ಮ್ಯಾಲೆ ಗೋಡಿ ಆಚೆ ಅಳೂದು ಕೇಳಿ ನಾನೇ ಕರದಿದ್ದೆ. ಅದನ್ನ ನೀ ಮುಚ್ಚಿಸಿದಿ. ನಿನ್ನನ್ನ ಹೊರಗ ಹಾಕಿದ್ರ ನನ್ನ ಸಿಟ್ಟು ನನ್ನೊಳಗೇ ಉಳೀತಿತ್ತು. ಅದಕ್ಕ ಕೂಡಿಸಿಕೊಂಡೆ." ಮತ್ತೆ ಬತ್ತಿ ಕೈಗೆತ್ತಿಕೊಂಡು, "ಈಗ ಒಂದು ಕೆಲಸ ಮಾಡು. ಖುರ್ಷಿದ ಮತ್ತ ಬಸುರಿದ್ದಾಳ, ಮುಂಜಾನೆ ವಾಂತಿ ಮಾಡೂದು ಗೋಡಿ ಮ್ಯಾಲಿಂದ ಕೇಳಸ್ತದ. ಆಕಿಗೆ ನಾ ಉಸಿರು ತಡೆದು ಹಿಡಿಯೂದು ಕಲಿಸಿದ್ದೆ. ಬಸುರಾಗ ಅದು ಬ್ಯಾಡ. ಬಿಡಬೇಕು ಅಂತ ಹೇಳು. ಗುನುಗೂದು, ಉದ್ದ ಬಿಡೂದು, ಎಡಮಗ್ಗಲು ಮಲಗಿ ಮೈ ಬಿಡೂದು, ಇಷ್ಟು ಸಾಕು ಅಂತ ನೀನೇ ಮಾಡಿ ತೋರಿಸು. ನಾ ಹೋಗೂಹಂಗಿಲ್ಲ, ಆಕಿ ಬರೂಹಂಗಿಲ್ಲ" ಎಂದಳು.

"ಹೂಂರಿ" ಎಂದು ಬಂದ ಕಸ್ತೂರಿಬಾಯಿ ಹೋಗಲಿಲ್ಲ.

ಈ ಭಾಗ ಹೇಳುವಾಗ ಆಕೆ ನನ್ನ ಮುಖ ನೋಡುತ್ತಿರಲಿಲ್ಲ. ಮೊದಲ ದಿನ ಕೆಲಸವಿತ್ತು ಎಂದುಕೊಂಡಳು. ಎರಡನೇ ದಿನ ಮಳೆ. ಮೂರನೇ ದಿನ ಯಾವ ನೆವವೂ ಇರಲಿಲ್ಲ. ತನ್ನ ಕೈ ಕಸಿದವಳಿಗೆ ತಾನೇ ಹೋಗಿ ಕಲಿಸಬೇಕೇ? ಒಂದು ಮಾತು ಬಿಟ್ಟು ಹೇಳಿದರೆ, ಹೇಳದೇ ಇದ್ದರೆ, ಯಾರಿಗೆ ತಿಳಿಯುತ್ತದೆ? ವತ್ಸಲಾಬಾಯಿ ಕೇಳಿದಾಗ "ಹೇಳೇನ್ರಿ" ಎಂದು ಸುಳ್ಳಾಡಿದಳು. ಅಂದು ಚಾಪೆಯ ಮೇಲೆ ಕೂತರೆ ಉಸಿರು ಹೊಟ್ಟೆಗೆ ಇಳಿಯಲೇ ಇಲ್ಲ. ನಾಲ್ಕು ಎಣಿಸುವುದರೊಳಗೆ ಮುಗಿಯಿತು, ಆಮೇಲೆ ಮೂರಕ್ಕೇ ಮುಗಿಯಿತು.

ಒಂಬತ್ತನೇ ದಿನ ಮನಿಯಾರ ಓಣಿಗೆ ಹೋದಳು. ಖುರ್ಷಿದ ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು, ತುಟಿ ಒಣಗಿತ್ತು. ಇದೂ ಹೋದರೆ ಎಂಬ ಅಂಜಿಕೆಯಲ್ಲಿ ಮಲಾರ ಮುಟ್ಟದೆ ಹದಿನೈದು ದಿನವಾಗಿತ್ತಂತೆ. ಊರಿನ ಹಗುರ ಕೈ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ನೋಡಿದಾಗ ಮನಸ್ಸಿನ ಒಂದು ಮೂಲೆಯಲ್ಲಿ ಖುಷಿಯಾಯಿತು ಎಂದು ಕಸ್ತೂರಿಬಾಯಿ ನನಗೆ ಹೇಳಿದಳು. ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ.

"ಯಾಕ ಬಂದ್ರಿ?" ಎಂದಳು ಖುರ್ಷಿದ.

"ಬಾಯಾರು ಕಳಿಸ್ಯಾರ. ಉಸಿರು ಹಿಡಿಯೂದು ಬಿಡಬೇಕಂತ, ಈಗಿಂದೀಗ. ಒಂಬತ್ತು ದಿನ ಆತು ಹೇಳಿ, ನಾನೇ ಬಂದಿಲ್ಲ."

"ಗ್ವಾಡಿ ಕಟ್ಟಿಸಿದವರು ನೀವೇ ಅಲ್ಲಾ?"

"ಹೌದು."

ಖುರ್ಷಿದ ಎಡಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ಹೇಳ್ರಿ" ಅಂದಳು ಗೋಡೆಗೆ.

ಕಸ್ತೂರಿಬಾಯಿ ಆ ಬೆನ್ನಿಗೇ ಹೇಳಿದಳು. ಕಾಲಿನ ಬೆರಳು ಬಿಡು, ಮೊಣಕಾಲು ಬಿಡು. ಒಂದು ಮಾತೂ ಬಿಡಲಿಲ್ಲ. ತಾನೇ ಮೊದಲು ದುಂಬಿಯ ಹಾಗೆ ಗುನುಗಿದಳು. ಆಮೇಲೆ ಆ ಬೆನ್ನೂ ಗುನುಗಿತು. ದಿನ ಬಿಟ್ಟು ದಿನ ಹೋದಳು, ಐದು ತಿಂಗಳು. ಖುರ್ಷಿದ ಒಮ್ಮೆಯೂ ಈ ಕಡೆ ತಿರುಗಿ ಮಲಗಲಿಲ್ಲ, ಒಮ್ಮೆಯೂ ಬರಬೇಡ ಎನ್ನಲಿಲ್ಲ. ದಿನ ತುಂಬಿ ಹೆಣ್ಣು ಹುಟ್ಟಿತು, ಉಳಿಯಿತು. ಹೆರಿಗೆಯ ವೇಳೆ ಕಸ್ತೂರಿಬಾಯಿಯನ್ನು ಕರೆಯಲಿಲ್ಲ. ಮೂರನೇ ದಿನ ಲಾಡ್ಲೆಸಾಬ ಬಂದು ಬಾಗಿಲಲ್ಲಿ ನಿಂತು ಸಕ್ಕರೆ ಕೊಟ್ಟು ಹೋದ.

ಆ ಮೇಲಿನ ವರ್ಷಗಳಲ್ಲಿ ಇಬ್ಬರೂ ಅದೇ ಊರಲ್ಲಿ ಬಳೆ ತೊಡಿಸಿದರು. ಎದುರಾದರೆ ತಲೆ ಆಡಿಸುತ್ತಿದ್ದರು. ಕಸ್ತೂರಿಬಾಯಿ ದಿನಾ ಮುಂಜಾನೆ ಚಾಪೆ ಹಾಸಿ ಕೂರುತ್ತಿದ್ದಳು. "ಹೊಟ್ಟೆಕಿಚ್ಚು ಹೋಯಿತೇ ಅಜ್ಜಿ?" ಎಂದು ಕೇಳಿದ್ದೆ. "ಎಲ್ಲಿ ಹೋಗ್ತದ? ಬರ್ತದ, ಸ್ವಲ್ಪ ಹೊತ್ತು ಕೂಡ್ತದ, ಏಳ್ತದ. ಮೊದಲು ಮನಿ ಮಾಡಿಕೊಂಡು ಇರ್ತಿತ್ತು."

ಲಡಾಯಿಯ ಕಾಲದಲ್ಲಿ ಬಳೆ ಬರುವುದೇ ಕಡಿಮೆಯಾಯಿತು. ನಲವತ್ತನಾಲ್ಕರಲ್ಲಿ ಖುರ್ಷಿದಳ ಗಂಡನಿಗೆ ಗುಲಬರ್ಗಾದ ಗಿರಣಿಯಲ್ಲಿ ಕೆಲಸ ಸಿಕ್ಕಿ, ಮನೆ ಕಿತ್ತರು. ಸುದ್ದಿ ಕೇಳಿ ಕಸ್ತೂರಿಬಾಯಿ ಮೋಟಾರು ನಿಲ್ಲುವ ಜಾಗಕ್ಕೆ ಹೋದಳು. ಯಾಕೆ ಹೋದೆನೋ ಗೊತ್ತಿಲ್ಲ ಅಂದಳು. ಗಂಟುಗಳ ನಡುವೆ ಮಗಳನ್ನು ಕೂರಿಸಿಕೊಂಡು ಖುರ್ಷಿದ ನಿಂತಿದ್ದಳು. ಇವಳನ್ನು ಕಂಡು ಹತ್ತಿರ ಬಂದಳು. ಕುಶಲ ಕೇಳಲಿಲ್ಲ.

"ಅಕ್ಕಾ, ಇನ್ನ ಮ್ಯಾಲೆ ನನ್ನ ಮನಿಗೋಳು ನಿಮ್ಮವು. ಹೇಳಿ ಹೋಗ್ತೇನಿ, ಕೇಳ್ರಿ. ಹಿರೋಳ್ಳಿ ಚಂದಮ್ಮಗ ಈಗ ಮೈ ಬಂದದ, ಒಂದು ನೂಲು ದೊಡ್ಡದು ತಗೊಂಡು ಹೋಗ್ರಿ, ಆಕಿಗೆ ಮಾತ್ರ ಹೇಳಬ್ಯಾಡ್ರಿ. ಗೌಡರ ಮನಿ ದೊಡ್ಡ ಸೊಸಿಗಿ ಗಂಡ ಹೊಡೀತಾನ, ಹೋದ ಕೂಡಲೇ ಕೈ ಹಿಡೀಬ್ಯಾಡ್ರಿ, ಬೆಚ್ಚತಾಳ, ಸ್ವಲ್ಪ ಮಾತಾಡ್ರಿ. ಸರಸ್ವತಿಬಾಯಾರು ಸಣ್ಣಾಕಿ ಇದ್ದಾಗ ಬಿದ್ದು ಕೈ ಮುರದಿತ್ತು, ಎಲುಬು ಒಳಗ ಡೊಂಕ ಕೂಡ್ಯದ, ಅಲ್ಲಿ ಒತ್ತಬಾರದು."

ಸರಸ್ವತಿಬಾಯಿಯ ಕೈಗೆ ಕಸ್ತೂರಿಬಾಯಿ ಇಪ್ಪತ್ತು ವರ್ಷ ಬಳೆ ತೊಡಿಸಿದ್ದಳು. ಆ ಡೊಂಕು ಎಲುಬು ಆಕೆಗೆ ಒಂದು ದಿನವೂ ತಿಳಿದಿರಲಿಲ್ಲ. ಈ ಹುಡುಗಿಗೆ ತಿಳಿದಿತ್ತು. ಹೊಟ್ಟೆಯಿಂದ ಆ ಹಳೆಯ ಬಿಸಿ ಎದ್ದು ಗಂಟಲಿನ ತನಕ ಬಂತು. ಮೋಟಾರಿನವನು ಹಾರ್ನು ಒತ್ತಿದ. ಕಸ್ತೂರಿಬಾಯಿ ಉದ್ದಕ್ಕೆ ಒಂದು ಉಸಿರು ಬಿಟ್ಟಳು.

"ಎಡಗೈನೋ ಬಲಗೈನೋ?" ಎಂದು ಕೇಳಿದಳು.

"ಎಡಗೈ" ಎಂದು ಖುರ್ಷಿದ ತನ್ನ ಮುಂಗೈಯನ್ನೇ ಮುಂದೆ ಚಾಚಿ, ಎಲುಬು ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು.